ಗಡಿಗೊಂದು ಗಿಡ, ಗಿಡಕ್ಕೊಂದು ತಕರಾರು

ವನಜಾ ಅವರ ಹೆಸರಿನಲ್ಲಿ ವನವಿತ್ತು. ಕಾಲ ಕೆಳಗೆ ಮಾತ್ರ ಐವತ್ತು ದಾಟುವ ತನಕ ಸ್ವಂತದ್ದೆನ್ನುವ ಒಂದು ಹಿಡಿ ಮಣ್ಣಿರಲಿಲ್ಲ. ಲಿಂಗಸುಗೂರಿನಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು, ರೈಲ್ವೆ ಅಕೌಂಟ್ಸಿನ ಕಾಶಿನಾಥರ ಬೆನ್ನಿಗೆ ಒಂದು ಪೋರ್ಷನ್ನಿನಿಂದ ಇನ್ನೊಂದು ಪೋರ್ಷನ್ನಿಗೆ ಸಾಮಾನು ಹೊತ್ತು ತಿರುಗಿದ್ದೇ ತಿರುಗಿದ್ದು. ಪೋರ್ಷನ್ ಅಂದರೆ ಮಾಲಕರ ಮನೆಯಲ್ಲಿ ಬಾಡಿಗೆಗೆ ಸಿಗುವ ಒಂದು ತುಂಡು. ಆ ತುಂಡಿನಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ನೆಲಕ್ಕೆ ಮೊಳಕೆ ಊರುವಂತಿಲ್ಲ. ಹೀಗಾಗಿ ಅವರ ತೋಟವೆಲ್ಲ ಡಾಲ್ಡಾ ಡಬ್ಬಿ, ಪೇಂಟಿನ ಬಕೆಟ್ಟು, ಹಿಡಿ ಮುರಿದ ಕುಕ್ಕರುಗಳಲ್ಲೇ ಬೆಳೆಯಿತು. ಮನೆ ಬದಲಿಸುವ ದಿನ ಟೆಂಪೋದಲ್ಲಿ ಮೊದಲು ಗಿಡ ಹತ್ತುತ್ತಿದ್ದವು, ಆಮೇಲೆ ಗಂಡ.

ಅಂಥವರಿಗೆ ತಾರ್ನಾಕದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಅದರ ಒಡೆಯರಾಗಿದ್ದ ಲೆಕ್ಚರರ್ ಮಂಡಿನೋವಿಗೆ ಅಂಜಿ ಲಿಫ್ಟಿರುವ ಫ್ಲ್ಯಾಟು ಹುಡುಕಿಕೊಂಡು ಹೋಗಿದ್ದರು. ಜ್ಯೋತಿಷಿ ಹೇಳಿದರೆಂದು ಕಾಶಿನಾಥ ಮನೆಯನ್ನು ಹೆಂಡತಿಯ ಹೆಸರಿನಲ್ಲೇ ರಿಜಿಸ್ಟರ್ ಮಾಡಿಸಿದರು. ಗಚ್ಚಿಬೌಲಿಯ ಕಡೆ ಬಂಡೆ ಒಡೆದಲ್ಲೆಲ್ಲ ಕಂಪ್ಯೂಟರ್ ಕಂಪನಿ ಏಳುತ್ತಿದ್ದ ಕಾಲ ಅದು. ಊರಿಗೆ ಊರೇ ಮಣ್ಣನ್ನು ಹೊನ್ನೆಂದು ನೋಡುತ್ತಿದ್ದಾಗ ವನಜಾ ಒಬ್ಬರಿಗೆ ಅದು ಮಣ್ಣಾಗಿಯೇ ಕಂಡಿತು. ಗೃಹಪ್ರವೇಶದ ಹೋಮದ ಹೊಗೆ ಆರುವ ಮೊದಲೇ ಅವರು ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು, ರೇಷ್ಮೆ ಸೀರೆಯಲ್ಲೇ ಮಣ್ಣು ಕೆದಕಿ ಮೂಸಿ ನೋಡಿದ್ದರು.

ಮೊದಲ ಮಳೆಗಾಲದಲ್ಲೇ ಪಕ್ಕದ ಮನೆಗೂ ಇವರ ಮನೆಗೂ ನಡುವಿನ ಕಾಂಪೌಂಡು ಗೋಡೆ ಮಲಗಿತು. ನೆರೆ ಬಂದು ಗೋಡೆಯನ್ನು ಒಯ್ದಿತು, ನೆರೆಯವರನ್ನು ಬಿಟ್ಟುಹೋಯಿತು.

ನೆರೆಯವರೆಂದರೆ ವೇದವತಿ. ನಿವೃತ್ತ ಹೆಡ್‌ಮಿಸ್ಟ್ರೆಸ್. ಬಳ್ಳಾರಿ ಕಡೆಯ ತೆಲುಗರು; ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಅವರ ಕನ್ನಡ ಪಠ್ಯಪುಸ್ತಕದಿಂದ ಈಗಷ್ಟೇ ಇಳಿದು ಬಂದಂತಿರುತ್ತಿತ್ತು. ತಲೆಯ ನೆರೆಗೂದಲಲ್ಲಿ ಒಂದೆಳೆಯೂ ಸಾಲು ತಪ್ಪುತ್ತಿರಲಿಲ್ಲ.

"ವನಜಾಗಾರು, ಗೋಡೆಯನ್ನು ಅದೇ ಸ್ಥಳದಲ್ಲಿ ಮತ್ತೆ ಕಟ್ಟುವಂತಿಲ್ಲ. ನಿಮ್ಮ ಲೆಕ್ಚರರ್ ನನ್ನ ನೆಲವನ್ನು ಒಂದು ಗೇಣು ನುಂಗಿದ್ದಾರೆ."

"ನುಂಗಿದವರು ಅವರು. ಅಜೀರ್ಣ ನಮಗ್ಯಾಕ್ರಿ ಟೀಚರ್?" ಎಂದರು ಕಾಶಿನಾಥ.

ಅಲ್ಲಿಂದ ಮುಂದೆ ಕಾಂಪೌಂಡಿನ ಜಗಳಕ್ಕೆ ಕಾಂಪೌಂಡ್ ಇಂಟರೆಸ್ಟು ಸೇರುತ್ತ ಹೋಯಿತು. ಇವರು ಇಟ್ಟಿಗೆ ತರಿಸಿದರೆ ಅವರು ವಕೀಲರ ಹೆಸರೆತ್ತುತ್ತಿದ್ದರು. ಒಂದು ವರ್ಷ ಆ ಗಡಿಯಲ್ಲಿ ಗೋಡೆಯೂ ಇರಲಿಲ್ಲ, ಮಾತೂ ಇರಲಿಲ್ಲ. ಕೊನೆಗೆ ವನಜಾ ಅವರಿಗೇ ಹೊಳೆಯಿತು: ಗೋಡೆಯ ಗೊಡವೆ ಬೇಡ, ಗಿಡ ಹಾಕಿದರಾಯಿತು. ಕಟ್ಟಡಕ್ಕೆ ಗೇಣಿನ ಲೆಕ್ಕವಿದೆ, ಗಿಡಕ್ಕೆಲ್ಲಿದೆ?

ವೇದವತಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಹೇಳಿದರು: "ಗಿಡಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಯಾವ ಗಿಡವೆಂಬುದನ್ನು ನಾನೂ ಒಪ್ಪಬೇಕು."

ವನಜಾ ಅವರಿಗೆ ಆ ದಿನ ಊಟ ಸೇರಲಿಲ್ಲ, ಸಂತೋಷಕ್ಕೆ. ಮದುವೆ ಹೆಣ್ಣು ಸೀರೆ ಆರಿಸುವಂತೆ ಅವರು ಗಿಡ ಆರಿಸಲು ಹೊರಟರು. ನೆಕ್ಲೆಸ್ ರೋಡಿನ ನರ್ಸರಿ ಮೇಳದಲ್ಲಿ ಗೋದಾವರಿ ಸೀಮೆಯ ನರ್ಸರಿ ಊರು ಕಡಿಯಂನಿಂದ ಬಂದ ಸಸಿಗಳ ನಡುವೆ ಬೆಳಿಗ್ಗೆ ಹೊಕ್ಕವರು ಸಂಜೆ ಹೊರಬಂದರು. ಮನೆಗೆ ಬಂದ ಸಸಿ ಮೊದಲು ಹೋಗಬೇಕಾದದ್ದು ಗಡಿಯಾಚೆ, ಸೊಸೆ ನೋಡುವ ಶಾಸ್ತ್ರಕ್ಕೆ.

ಮೊದಲು ನಿಂಬೆ.

"ಮುಳ್ಳಿನ ಗಿಡ ಗಡಿಯಲ್ಲಿದ್ದರೆ ನೆರೆಹೊರೆಯವರಲ್ಲಿ ಕಲಹವುಂಟಾಗುತ್ತದೆ."

"ಇನ್ನು ಹೊಸಾದು ಬರಬೇಕೇನ್ರಿ ಟೀಚರ್?" ಕಾಶಿನಾಥ ವರಾಂಡದಿಂದ ಕೇಳಿದರು. ವನಜಾ ತಿರುಗಿ ನೋಡಿದ ನೋಟಕ್ಕೆ ಪೇಪರಿನ ಹಿಂದೆ ಅಡಗಿದರು.

ದಾಸವಾಳಕ್ಕೆ ಬಿಳಿ ಹುಳ ಬೀಳುತ್ತದೆ. ನುಗ್ಗೆಗೆ ಕಂಬಳಿಹುಳ. ಮಲ್ಲಿಗೆಗೆ ಹಾವು. ಕಣಗಿಲೆಯಂತೂ ಬೇರಿನಿಂದ ಹೂವಿನ ತನಕ ವಿಷ. ಕರಿಬೇವು ತಂದಾಗ ವೇದವತಿ ಒಂದೆಲೆ ಕಿತ್ತು ಮೂಸಿದರು. ವನಜಾ ಗುದ್ದಲಿಗೆ ಕೈ ಹಾಕಿದರು.

"ಇದರ ಬೇರು ಬೇರೆಯವರ ಜಾಗದಲ್ಲಿ ಹೋಗಿ ಮರಿ ಹಾಕುತ್ತದೆ. ನಿಮ್ಮ ಲೆಕ್ಚರರ ಹಾಗೆಯೇ."

"ಅಶೋಕ ನಡೀತೈತೇನ್ರಿ? ನೆಟ್ಟಗ ನಿಂತಿರ್ತೈತಿ, ಶಾಲಿ ಹುಡುಗರಂಗ."

"ಹೆಸರಿಗೆ ಅಶೋಕ. ಎಲೆ ಗುಡಿಸುವವರಿಗೆ ಶೋಕ." ಹೇಳುವಾಗ ಅವರ ಮುಖದಲ್ಲಿ ಒಂದು ಸ್ನಾಯುವೂ ಅಲುಗಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ವನಜಾ ಗಿಡ ಎತ್ತಿಕೊಂಡು ಮರಳಿದರು.

ಫೇಲಾದ ಗಿಡಗಳೆಲ್ಲ ವರಾಂಡದಲ್ಲಿ ಜಮಾ ಆದವು. ಕಾಶಿನಾಥ ಆಫೀಸಿಗೆ ಅಡ್ಡಡ್ಡ ನಡೆದು ಹೋಗುವ ಹಾಗಾಯಿತು. ವನಜಾ ಮಾತ್ರ ಕುಂದಲಿಲ್ಲ. ಒಂದೊಂದು ಸಲ ಬೇಡವೆನಿಸಿಕೊಂಡಾಗಲೂ, ಹಾಗಾದರೆ ಇನ್ನೊಂದು ನೋಡಲು ಸಿಕ್ಕಿತಲ್ಲ ಎಂದು ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದರು.

ಆಷಾಢ ಹಿಡಿಯಿತು. ಆಷಾಢದ ಜೊತೆ ಅಂಬಾದಾಸ ಬಂದ. ಬೀದರಿನ ಹುಡುಗ, ಬಿಲ್ಡರ್ ಕಡೆಯವನು. ಒಂದು ಮೊಬೈಲು ಕಿವಿಗೆ, ಒಂದು ಕಿಸೆಗೆ. ಹಿಂದಿನ ಪ್ಲಾಟು ಆಗಲೇ ಅವರಿಗೆ ಸಿಕ್ಕಿತ್ತು, ಇದೊಂದು ಸೇರಿದರೆ ಐದು ಅಂತಸ್ತು ಏಳಿಸಬಹುದು.

"ಆಷಾಢದಾಗ ಯಾರೂ ಏನೂ ಮಾಡಂಗಿಲ್ಲ ಸಾರ್. ಅದಕ್ಕ ಸೀರಿ ಅಂಗಡಿಯವರು ಆಷಾಢಂ ಸೇಲ್ ಇಡ್ತಾರಲ್ಲ, ನಮ್ಮ ಸೇಠ್ ಆಷಾಢಂ ಆಫರ್ ಇಟ್ಟಾರ. ಈ ತಿಂಗಳ ಸೈನ್ ಹಾಕಿದವರಿಗೆ ಎರಡು ಫ್ಲ್ಯಾಟ್, ಮ್ಯಾಲೆ ಮಾಡ್ಯುಲರ್ ಕಿಚನ್ ಫ್ರೀ."

ಫ್ರೀ ಎಂಬ ಶಬ್ದಕ್ಕೆ ಅಕೌಂಟ್ಸಿನ ಮನುಷ್ಯ ಕರಗದಿದ್ದರೆ ಇನ್ಯಾರು ಕರಗಬೇಕು? ಕಾಶಿನಾಥರ ಕಣ್ಣಿನಲ್ಲಿ ಡ್ರಾಯರುಗಳು ಸದ್ದಿಲ್ಲದೆ ತೆರೆದು ಮುಚ್ಚತೊಡಗಿದವು. ವನಜಾ ಅವರ ಕಣ್ಣಿಗೆ ಕಂಡದ್ದು ಒಂದೇ: ಮೂರನೆಯ ಅಂತಸ್ತಿನ ಬಾಲ್ಕನಿ, ಅದರಲ್ಲಿ ಮತ್ತೆ ಅದೇ ಡಾಲ್ಡಾ ಡಬ್ಬಿ.

"ನಾ ಸೈನ್ ಹಾಕಂಗಿಲ್ಲ," ಎಂದರು ಅವತ್ತು ರೊಟ್ಟಿ ತಟ್ಟುತ್ತ.

"ಹಾಕಬ್ಯಾಡ. ಆದ್ರ ಈ ಟೀಚರ್ ಜೋಡಿ ಜನ್ಮಪೂರ್ತಿ ಜಗಳ ಮಾಡ್ಕೋತ ಕೂಡೂದೇನು? ಫ್ಲ್ಯಾಟಿನಾಗ ಗ್ವಾಡಿ ತಯಾರ ಇರ್ತಾವ." ಕಾಶಿನಾಥ ರೊಟ್ಟಿ ಮುರಿದರು. "ಕೇಳಿಲ್ಲೆ. ಭಾನುವಾರ ಸಂಜೀಕ ಅಂಬಾದಾಸ ಪೇಪರ್ ತರ್ತಾನ. ಅಷ್ಟರಾಗ ಆ ಗಡಿ ಮ್ಯಾಲ ನೀವಿಬ್ರೂ ಒಪ್ಪಿದ್ದೊಂದು ಗಿಡ ನಿಂತಿದ್ರ, ನಾನ ಬ್ಯಾಡ ಅಂತ ಹೇಳಿ ಕಳಸ್ತೀನಿ. ಇಲ್ಲಂದ್ರ ನೀ ಸೈನ್ ಹಾಕಬೇಕು."

"ಮಾತು?"

"ಮಾತಂದ್ರ ಮಾತು."

ಮರುದಿನ ಬೆಳಿಗ್ಗೆ ವನಜಾ ಪಾತಿ ಕೆದಕುತ್ತ ಕೂತಿದ್ದಾಗ, ಗೋಡೆಯಿಲ್ಲದ ಗಡಿಯಾಚೆಯಿಂದ ಮಾತು ಕೇಳಿಬಂತು. ವೇದವತಿಯ ಮಗಳು ಅನುರಾಧಾ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಳು. ಅದೇ ವರ್ಷ ಮದುವೆಯಾಗಿ ಮೊದಲ ಆಷಾಢಕ್ಕೆ ತವರಿಗೆ ಬಂದಿದ್ದಳು. ಅತ್ತೆಯ ಮನೆಯಿಂದ ಆಫೀಸಿಗೆ ನಡೆದು ಹೋಗುತ್ತಿದ್ದ ಹುಡುಗಿ, ಶಾಸ್ತ್ರದ ಸಲುವಾಗಿ ಈಗ ದಿನಾ ಕ್ಯಾಬಿನಲ್ಲಿ ಅರ್ಧ ಹೈದರಾಬಾದು ದಾಟುತ್ತಿದ್ದಳು.

"ಅಂಗಡಿಯ ಕೋನು ಹಚ್ಚಬೇಡವೆಂದೆ. ಈಗ ನೋಡು, ಕೈಯೆಲ್ಲ ಬೊಬ್ಬೆ."

"ಮತ್ತೆ ಎಲೆ ಎಲ್ಲಿದೆ ಅಮ್ಮಾ? ನಮ್ಮ ಕ್ಯಾಂಪಸ್ಸಲ್ಲಿ ಇರೋದೆಲ್ಲ ಲಾನು. ಅರೆದು ಹಚ್ಚಲಾ?"

"ಆಷಾಢದಲ್ಲಿ ಗೋರಿಂಟಾಕು ಹಚ್ಚದೆ ಮೊದಲನೆಯ ವರ್ಷವೇ ನಿನ್ನನ್ನು ಬರಿಗೈಯಲ್ಲಿ ಕಳುಹಿಸಲೇ? ಯೂನಿವರ್ಸಿಟಿಯ ಬೇಲಿಯಲ್ಲಿತ್ತು, ತಂತಿ ಹಾಕಿದ್ದಾರೆ. ಮೂಲೆಯ ಬಂಗಲೆಯಲ್ಲಿತ್ತು, ಅಪಾರ್ಟ್‌ಮೆಂಟು ಬಂದಿದೆ. ನಾನು ಯಾರ ಬಾಗಿಲಿಗೆ ಹೋಗಿ ಕೇಳಲಿ?"

ಹೆಡ್‌ಮಿಸ್ಟ್ರೆಸ್ ದನಿ ಕೊನೆಯಲ್ಲಿ ಸ್ವಲ್ಪ ಬಿರುಕು ಬಿಟ್ಟಿತು. ವನಜಾ ಕೈಯಲ್ಲಿದ್ದ ಮಣ್ಣು ಹಾಗೆಯೇ ಹಿಡಿದು ಎದ್ದು ನಿಂತರು.

ಗೋರಿಂಟಾಕು. ಅಂದರೆ ಮದರಂಗಿ. ದೇವರೇ, ಕಡಿಯಂನ ಗಿಡ ನೋಡಿದ್ದಾಯಿತು, ಥಾಯ್ಲೆಂಡಿನ ಗಿಡ ನೋಡಿದ್ದಾಯಿತು, ಮನೆಮನೆಯ ಬೇಲಿಯಲ್ಲಿ ಬಿದ್ದಿರುತ್ತಿದ್ದ ಮದರಂಗಿ ತಲೆಗೆ ಬರಲಿಲ್ಲವಲ್ಲ. ಹಿಮಾಯತ್‌ನಗರದ ಗಲ್ಲಿಯಲ್ಲಿ ಸುಂದರಾಬಾಯಿಯವರ ಮನೆಯ ಪೋರ್ಷನ್ನಿನಲ್ಲಿದ್ದಾಗ ಕಾಂಪೌಂಡಿನ ಸುತ್ತಲೂ ಎದೆಮಟ್ಟ ಅದೇ ಇತ್ತು. ನೆಲಕ್ಕೆ ಒಂದು ಬೀಜ ಊರಲೂ ಬಿಡದ ಸುಂದರಾಬಾಯಿ ಪಂಚಮಿಗೆ ಮಾತ್ರ ಉಡಿ ತುಂಬ ಎಲೆ ಕಿತ್ತುಕೊಳ್ಳಲು ಬಿಡುತ್ತಿದ್ದರು. ಮೊದಲು ಎಲೆ ತಂದು ಕೊಟ್ಟು ಟೀಚರ ಮನಸ್ಸು ಮೆತ್ತಗೆ ಮಾಡಬೇಕು, ಗಿಡದ ಮಾತು ಆಮೇಲೆ ಎಂದು ಅವರು ಲೆಕ್ಕ ಹಾಕಿದರು.

ಶನಿವಾರ ಅಕ್ಕಿಯ ಚೀಲವೊಂದನ್ನು ಮಡಚಿ ಕಂಕುಳಲ್ಲಿಟ್ಟು ಬಸ್ಸು ಹತ್ತಿದರು. ಗಲ್ಲಿಯ ತಿರುವಿನಲ್ಲಿ ನಿಂತೇಬಿಟ್ಟರು. ಸುಂದರಾಬಾಯಿಯವರ ಮನೆಗೆ ಛಾವಣಿಯಿರಲಿಲ್ಲ. ಗೋಡೆಯ ಮೇಲೆ ನಿಂತ ಹತ್ತೆಂಟು ಜನ ಸುತ್ತಿಗೆ ಬೀಸುತ್ತಿದ್ದರು. ಕೆಳಗೆ ಟವೆಲು ಸುತ್ತಿದ ಮೇಸ್ತ್ರಿ ಅಪ್ಪಟ ದೇವದುರ್ಗದ ಕನ್ನಡದಲ್ಲಿ ಅವರ ಏಳು ತಲೆಮಾರನ್ನು ನೆನೆಯುತ್ತಿದ್ದ. ಬೇಲಿ ಮಾತ್ರ ಇನ್ನೂ ನಿಂತಿತ್ತು, ಧೂಳು ಮೆತ್ತಿಕೊಂಡು, ದಟ್ಟವಾಗಿ.

"ತಮ್ಮಾ, ಈ ಬೇಲಿ ಏನ್ ಮಾಡ್ತೀರಿ?"

ಕನ್ನಡ ಕೇಳಿ ಮೇಸ್ತ್ರಿಯ ಮುಖ ಅರಳಿತು. ಹೆಸರು ಅಮರಯ್ಯ ಅಂತೆ. "ಏನ್ ಮಾಡೂದೈತ್ರಿ ಅಕ್ಕಾರ? ಊಟ ಆದಮ್ಯಾಲ ಜೇಸಿಬಿ ಬರ್ತೈತಿ, ಎಲ್ಲಾ ಸಾಫ್. ಇಲ್ಲಿ ಕಾಂಪ್ಲೆಕ್ಸ್ ಬರಾಕತ್ತೈತಿ."

"ಹಂಗಾರ ಬೇರಸಮೇತ ನಮಗ ಕೊಡ್ರಿ."

"ಒಯ್ರಿ. ನಮಗೂ ಒಂದು ಕೆಲಸ ಕಮ್ಮಿ."

ಚೀಲ ತುಂಬ ಎಲೆಗೆ ಬಂದವರಿಗೆ ಇಡೀ ಬೇಲಿಯೇ ಸಿಕ್ಕಿತ್ತು. ವನಜಾ ಓಡಿದರು. ಆ ಗಲ್ಲಿಯ ಜನ ಐವತ್ತೆರಡರ ಹೆಂಗಸು ಹಾಗೆ ಓಡಿದ್ದನ್ನು ನೋಡಿರಲಿಕ್ಕಿಲ್ಲ. ಕಿರಾಣಿ ಅಂಗಡಿಯ ಕಾಯಿನ್ ಬಾಕ್ಸಿಗೆ ರೂಪಾಯಿ ಹಾಕಿ, ಪಕ್ಕದ ಮನೆಯವರಾಗಿದ್ದರೂ ಇದುವರೆಗೆ ಒಮ್ಮೆಯೂ ಒತ್ತಿರದ ನಂಬರು ಒತ್ತಿದರು.

"ಟೀಚರ್, ಗೋರಿಂಟಾಕು ಸಿಕ್ಕೈತ್ರಿ. ಎಲಿ ಅಷ್ಟ ಅಲ್ರಿ, ಬೇಲಿಗೆ ಬೇಲೀನ ಸಿಕ್ಕೈತಿ. ಗಡಿಗೆ ಹಚ್ಚೋಣು. ಮಧ್ಯಾಹ್ನ ಆದ್ರ ಇರಂಗಿಲ್ಲ."

ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಬಣ್ಣ ಬರುತ್ತದೆಯೇ?"

"ಬಂದು ನೋಡ್ರಿ."

ವೇದವತಿ ಆಟೋದಿಂದ ಛತ್ರಿ ಸಮೇತ ಇಳಿದರು. ಶಾಲಾ ತನಿಖೆಗೆ ಬಂದವರಂತೆ ಬೇಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಎಲೆಯ ಹಿಂಬದಿ ತಿರುವಿ ಹುಳ ಹುಡುಕಿದರು; ಇರಲಿಲ್ಲ. ಕಾಂಡ ಮುರಿದು ಹಾಲು ಬರುತ್ತದೋ ನೋಡಿದರು, ಬರಲಿಲ್ಲ. ನಾಲ್ಕು ಎಲೆ ಕಿತ್ತು, ಬಾಟಲಿಯ ನೀರು ಹನಿಸಿ ಅಂಗೈಯಲ್ಲಿ ತಿಕ್ಕಿ, ಬಿದ್ದ ಹೊಸ್ತಿಲ ಕಲ್ಲಿನ ಮೇಲೆ ಮುಷ್ಟಿ ಬಿಗಿದು ಕೂತರು. ವನಜಾ ಒಮ್ಮೆ ಆ ಮುಷ್ಟಿ, ಒಮ್ಮೆ ರಸ್ತೆಯ ತಿರುವು ನೋಡುತ್ತ ನಿಂತರು.

"ಯಾರ್ರಿ ಇವ್ರು, ಡಾಕ್ಟರ?" ಅಮರಯ್ಯ ಪಿಸುಗುಟ್ಟಿದ.

"ಹೆಡ್‌ಮಿಸ್ಟ್ರೆಸ್."

"ಹಂಗಾರ ನಾ ಸುಮ್ಮ ಇರ್ತೀನಿ."

ಮುಷ್ಟಿ ಬಿಚ್ಚಿತು. ಅಂಗೈಯಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ. ವೇದವತಿ ಅದನ್ನೇ ನೋಡಿದರು. ತಕರಾರು ತೆಗೆಯುವ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ವನಜಾಗಾರು, ನಿಮ್ಮ ಕಡೆಯವರು ಆಷಾಢದಲ್ಲಿ ಹೊಸದೇನನ್ನೂ ಆರಂಭಿಸುವುದಿಲ್ಲವಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ಮೇಲೆ ಬರಬಾರದು."

 ಮಾತು ನಿಜ. ಲಿಂಗಸುಗೂರಿನ ಮನೆಯಲ್ಲಿ ಆಷಾಢದಲ್ಲಿ ಹೊಸ ಪೊರಕೆ ಕೂಡ ಒಳಗೆ ತರುತ್ತಿರಲಿಲ್ಲ. ಉಮೇದಿಯಲ್ಲಿ ಅದೆಲ್ಲ ಮರೆತೇಹೋಗಿತ್ತು. ವನಜಾ ಧೂಳು ತುಂಬಿದ ಬೇಲಿಯನ್ನು ನೋಡಿದರು, ಅದರ ಹಿಂದಿನ ಛಾವಣಿಯಿಲ್ಲದ ಮನೆಯನ್ನು ನೋಡಿದರು.

"ಹೊಸಾದು ಎಲ್ಲೈತ್ರಿ ಟೀಚರ್? ನಾ ಬಂದಾಗಿಂದ ನೋಡಿದ ಬೇಲಿ. ನಿಮ್ಮ ಅನುರಾಧಾ ಬಂದಂಗ ಇದೂ ತವರಿಗೆ ಬರಾಕತ್ತೈತಿ ಅನ್ಕೋರಿ. ಆಷಾಢದಾಗ ತವರಿಗೆ ಬರೂದು ಎಲ್ಲೆರ ತಪ್ಪೇನು?"

ವೇದವತಿ ಛತ್ರಿ ಮಡಚಿದರು. "ಪಾಸ್," ಎಂದರು.

ಆಮೇಲೆ ನಡೆದದ್ದು ಯುದ್ಧ. ಅಮರಯ್ಯ ಹಾರೆ ಹಾಕಿ ಬುಡ ಮೀಟಿದ. ಅವನ ಜನ ಟೊಂಗೆ ಕಡಿದು ಮೊಳದುದ್ದದ ಮೋಟುಗಳನ್ನು ಉಳಿಸಿದರು. ವನಜಾ ಸೆರಗು ಸಿಕ್ಕಿಸಿ, ಬೇರಿಗೆ ಅಂಟಿದ ಮಣ್ಣು ಉದುರದಂತೆ ಒದ್ದೆ ಗೋಣಿ ಸುತ್ತಿದರು. ವೇದವತಿ ಕಡಿದ ಟೊಂಗೆಗಳಿಂದ ಎಲೆ ಸವರಿ ಚೀಲಕ್ಕೆ ತುಂಬುತ್ತ, ನಡುನಡುವೆ "ನೀನು, ನೀಲಿ ಅಂಗಿ, ಬೇರು ತುಂಡಾಗುತ್ತಿದೆ" ಎಂದು ಶಿಸ್ತು ಕಾಪಾಡಿದರು. ಕೊನೆಯ ಬುಡ ಟ್ರಾಲಿ ಆಟೋಗೆ ಏರಿದಾಗ ಗಲ್ಲಿಯ ಬಾಯಿಯಲ್ಲಿ ಜೇಸಿಬಿಯ ಹಳದಿ ಮೂತಿ ಕಂಡಿತು.

ಡ್ರೈವರನ ಪಕ್ಕ ಒಬ್ಬರಿಗಷ್ಟೇ ಜಾಗ. ಒಬ್ಬರನ್ನು ಮಾತ್ರ ಗಿಡದ ಜೊತೆ ಬಿಡಲು ಇನ್ನೊಬ್ಬರಿಗೆ ಧೈರ್ಯವಿಲ್ಲ. ಇಬ್ಬರೂ ಹಿಂದೆಯೇ ಹತ್ತಿ ಮೋಟುಗಳ ನಡುವೆ ಕೂತರು. ಬರ್ಕತ್‌ಪುರದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಒಬ್ಬ ಬೈಯಲು ಬಂದವನು ಒಳಗೆ ಬಗ್ಗಿ ನೋಡಿ, ಟೋಪಿ ಸರಿಮಾಡಿಕೊಂಡು "ನಮಸ್ತೆ ಟೀಚರ್" ಅಂದ. ವೇದವತಿ ಗೋಣಿಚೀಲದ ಮೇಲಿನಿಂದಲೇ ತಲೆಯಾಡಿಸಿದರು. ವಿದ್ಯಾನಗರ ದಾಟಿ ಯೂನಿವರ್ಸಿಟಿ ಒಳಗೆ ಹೊಕ್ಕಾಗ ಮಳೆ ಬಂತು. ಒಂದೇ ಛತ್ರಿ, ಅದನ್ನು ಇಬ್ಬರೂ ಬೇರುಗಳ ಮೇಲೆ ಹಿಡಿದರು. ವನಜಾ ಅವರಿಗೆ ತಡೆಯಲಾರದಷ್ಟು ನಗು ಬಂತು. ಕೆನ್ನೆಯ ಮೇಲೆ ಮಳೆ, ಕಾಲ ಮೇಲೆ ಮಣ್ಣು, ಮಡಿಲಲ್ಲಿ ಒಂದು ಇಡೀ ಬೇಲಿ.

ಗುಂಡಿ ತೋಡುವ ಹೊತ್ತಿಗೆ ಆ ನಗು ಇಂಗಿತು. ಹಳೆಯ ಗೋಡೆಯ ಪಾಯದ ಮೇಲೆ ವನಜಾ ಗುದ್ದಲಿ ಇಟ್ಟರು. ವೇದವತಿ ಒಂದು ಗೇಣು ಈಚೆ ಬಂದು ಛತ್ರಿಯ ತುದಿಯಿಂದ ನೆಲ ಕುಟ್ಟಿದರು.

"ಗಡಿ ಇಲ್ಲಿದೆ."

"ಟೀಚರ್, ಗಿಡ ಬಾಡಾಕತ್ತಾವ್ರಿ."

"ಗಿಡ ಬಾಡುತ್ತದೆಂದು ಭೂಗೋಳ ಬದಲಾಗುತ್ತದೆಯೇ?"

ವರಾಂಡದಲ್ಲಿ ಕಾಶಿನಾಥ ಫೇಲಾದ ಗಿಡಗಳ ನಡುವಿನಿಂದ ಇಣುಕಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರದ ಮೇಲೆ ಬೆರಳಿಟ್ಟರು.  ಒದ್ದೆ ಗೋಣಿಯ ಮೇಲೆ ಕೂತ ವನಜಾ ಅವರಿಗೆ, ಸಾಕು, ಒಂದು ಗೇಣು ತಾನೇ, ಬಿಟ್ಟುಕೊಡೋಣ ಅನಿಸಿತು. ಬಾಯಿ ತೆರೆದರು. ಅಷ್ಟರಲ್ಲಿ ವೇದವತಿ ಮೋಟುಗಳನ್ನು ನೋಡುತ್ತ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

"ಒಂದೇ ಸಾಲಿನಲ್ಲಿ ಏಕೆ ನೆಡಬೇಕು? ಪರೀಕ್ಷೆಯ ದಿನ ನಾವು ಮಕ್ಕಳನ್ನು ಹೇಗೆ ಕೂರಿಸುತ್ತಿದ್ದೆವು? ಒಬ್ಬನ ಹಿಂದೆ ಒಬ್ಬನಲ್ಲ. ಒಬ್ಬ ಈ ಸಾಲು, ಮುಂದಿನವ ಆ ಸಾಲು, ಓರೆಯಾಗಿ. ಒಂದು ಗಿಡ ನಿಮ್ಮ ಗೆರೆಯ ಮೇಲೆ, ಮುಂದಿನದು ನನ್ನ ಗೆರೆಯ ಮೇಲೆ. ಯಾರೂ ಯಾರದನ್ನೂ ಕಾಪಿ ಹೊಡೆಯುವಂತಿಲ್ಲ."

ಹಾಗೆ ಹಾಕಿದರೆ ಬೇಲಿಯೂ ದಟ್ಟ, ಗೇಣೂ ಇಬ್ಬರದು. ವನಜಾ ಉತ್ತರ ಕೊಡುವ ಗೋಜಿಗೆ ಹೋಗದೆ ಗುದ್ದಲಿ ಎತ್ತಿದರು. ಕತ್ತಲಾಗುವ ಮೊದಲು ಇಡೀ ಪರೀಕ್ಷಾ ಹಾಲು ತುಂಬಿತು.

ಭಾನುವಾರ ವೇದವತಿಯ ಹಿತ್ತಲಲ್ಲಿ ರುಬ್ಬುವ ಕಲ್ಲು ಮಧ್ಯಾಹ್ನದಿಂದ ತಿರುಗಿತು. ಎಲೆಗೆ ಒಂದಿಷ್ಟು ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆದಾಯಿತು. ಬೊಬ್ಬೆ ಆರಿದ್ದ ಅನುರಾಧಾಳ ಅಂಗೈ ನಡುವೆ ಚಂದಮಾಮನಂಥ ದುಂಡು ಬೊಟ್ಟು, ಬೆರಳ ತುದಿಗಳಿಗೆಲ್ಲ ಟೊಪ್ಪಿಗೆ. ಆಮೇಲೆ ವೇದವತಿ ವನಜಾ ಕಡೆ ತಿರುಗಿದರು.

"ಕುಳಿತುಕೊಳ್ಳಿ. ಸಹಿ ಯಾವ ಕೈಯಲ್ಲಿ ಮಾಡುತ್ತೀರಿ?"

ವನಜಾ ಬೆಚ್ಚಿ ನೋಡಿದರು. ಗೋಡೆಯಿಲ್ಲದ ಮನೆಯಲ್ಲಿ ಕಿವಿ ಒಂದೇ ಕಡೆಗೆ ಇರುವುದಿಲ್ಲವಲ್ಲ. "ಬಲಗೈ," ಎಂದರು.

"ಹಾಗಾದರೆ ಅದೇ ಮೊದಲು."

ಅಂಬಾದಾಸ ಪೇಪರಿನೊಂದಿಗೆ ಬಂದಾಗ ಕಾಶಿನಾಥ ಗಡಿಯ ಬಳಿ ನಿಂತಿದ್ದರು. ಎಲೆಯಿಲ್ಲದ ಮೋಟುಗಳು ಓರೆಕೋರೆಯಾಗಿ ಮಳೆಯಲ್ಲಿ ನೆನೆಯುತ್ತಿದ್ದವು.

"ಇದೇನು ಸಾರ್, ಒಲಿ ಕಟಗಿ ನೆಟ್ಟೀರ್ಯಾಕ?"

"ಹ್ಞಾಂ. ಗಿಡ ಅಂತ ಅನ್ನಾಕ ಬರಂಗಿಲ್ಲ ನೋಡು ಇದಕ್ಕ," ಎಂದರು ಕಾಶಿನಾಥ. ಅಂಬಾದಾಸ ಕೈಯಲ್ಲಿ ಕಿಚನ್ನಿನ ಕಲರ್ ಫೋಟೋ ಬೇರೆ ಹಿಡಿದಿದ್ದ. "ಎಲಿ ಇಲ್ಲ, ಏನಿಲ್ಲ. ವನಜಾ, ಬಾ ಇಲ್ಲೆ."

ವನಜಾ ಬಂದರು, ಎರಡೂ ಕೈ ಮುಂದೆ ಚಾಚಿಕೊಂಡು. ಮೊಣಕೈ ತನಕ ಹಸಿರು.

"ಒಣಗೂ ತನಕ ಏನೂ ಮುಟ್ಟಾಕ ಬರಂಗಿಲ್ಲ."

"ಎಷ್ಟೊತ್ತು?"

"ಬೆಳತನಕ ಇಡಬೇಕಂತ ಟೀಚರ್ ಹೇಳ್ಯಾರ."

"ಸೈನ್ ಬ್ಯಾಡ ಬಿಡ್ರಿ ಮೇಡಂ, ಅಂಗೂಠಾ ಒತ್ತಿದ್ರೂ ನಡೀತೈತಿ," ಅಂಬಾದಾಸ ದಾರಿ ತೋರಿಸಿದ.

"ಅಂಗೂಠಾಕ್ಕ ಡಬಲ್ ಹಚ್ಚ್ಯಾರಪ್ಪ."

ಗಡಿಯಾಚೆಯಿಂದ ದನಿ ಬಂತು. "ಕಾಶಿನಾಥಗಾರು, ನಿಮ್ಮ ಷರತ್ತಿನಲ್ಲಿ ಗಿಡ ಅಂದಿದ್ದಿರೋ, ಎಲೆ ಅಂದಿದ್ದಿರೋ? ಇಬ್ಬರೂ ಒಪ್ಪಿದ್ದು. ನಿಂತಿದೆ. ಗಡಿಯ ಮೇಲೆಯೇ ನಿಂತಿದೆ. ಪ್ರಶ್ನೆಯಲ್ಲಿ ಇಲ್ಲದ್ದನ್ನು ಉತ್ತರದಲ್ಲಿ ಕೇಳಿದರೆ ನಾನು ಅಂಕ ಕೊಡುವುದಿಲ್ಲ."

ಕಾಶಿನಾಥ ಫೋಟೋದಲ್ಲಿದ್ದ ಡ್ರಾಯರುಗಳನ್ನು ಇನ್ನೊಮ್ಮೆ ನೋಡಿದರು. ನಾಳೆ ಫೋನ್ ಮಾಡ್ತೀನಿ ಎಂದು ಅಂಬಾದಾಸನನ್ನು ಚಹಾ ಕುಡಿಸಿ ಕಳಿಸಿದರು. ಚಹಾ ಅವರೇ ಮಾಡಿದರು, ಹೆಂಡತಿಯ ಕೈ ಖಾಲಿ ಇರಲಿಲ್ಲವಲ್ಲ.

ಬೆಳಿಗ್ಗೆ ಒಣಗಿದ ಹಸಿರು ಉದುರಿಸಿ, ಕೊಬ್ಬರಿ ಎಣ್ಣೆ ಹಚ್ಚಿ ವನಜಾ ಅಂಗೈ ತೆರೆದರು. ನೇರಳೆಗೆ ತಿರುಗಿದ ಕೆಂಪು. ಮದುವೆಯ ದಿನವೂ ಹಾಗೆ ಬಂದಿರಲಿಲ್ಲ. ಮದರಂಗಿ ಎಷ್ಟು ಕೆಂಪೋ ಗಂಡನ ಪ್ರೀತಿ ಅಷ್ಟು ಎನ್ನುವುದು ಕಾಶಿನಾಥರಿಗೂ ಗೊತ್ತಿತ್ತು. ನೋಡಿಯೂ ನೋಡದವರಂತೆ ಎರಡು ಸಲ ಆಚೀಚೆ ಓಡಾಡಿ, ಮೂರನೆಯ ಸಲ ನಿಂತರು.

"ಭಾಳ ಕೆಂಪು ಬಂದೈತೇನು?"

"ನೀವ ನೋಡ್ರಿ."

ಅವರು ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಮೀಸೆಯಲ್ಲಿ ಒಂದು ಹೆಮ್ಮೆ ಹೊರಳಿತು. ಆಮೇಲೆ ಮೊಬೈಲು ತೆಗೆದು ವರಾಂಡದ ಗಿಡಗಳ ನಡುವೆ ಅಡ್ಡಡ್ಡ ನಡೆದು ಹೋದರು.

"ಅಂಬಾದಾಸಪ್ಪ, ಬ್ಯಾಡ ಬಿಡು. ಇಲ್ಲ ಇಲ್ಲ, ರೇಟಿನ ಮಾತಲ್ಲ. ಕಾರಣ ಅಂದ್ರ..." ತಿರುಗಿ ಹೆಂಡತಿಯ ಕೈ ನೋಡಿದರು. "ನಮ್ಮ ಮನಿಯವರ ಕೈ ಹಂಗ ಕೆಂಪಾಗೈತಿ. ನಿನಗ ಲಗ್ನ ಆಗೈತೇನು? ಇಲ್ಲಲ್ಲ. ಹಂಗಾರ ತಿಳಿಯಂಗಿಲ್ಲ ಬಿಡು."